ಕಥನದಲ್ಲಿ ದೃಷ್ಟಿಕೋನ: ‘ಠಗ್ಗನೊಬ್ಬನ ತಪ್ಪೊಪ್ಪಿಗೆ’ಯ ಪರಿಶೀಲನೆ

ಕಾದಂಬರಿಯನ್ನು ಓದುವಾಗ ‘ಏನು ನಡೆಯಿತು?’ ಎಂಬುದಕ್ಕಿಂತ ಮೊದಲು ‘ಯಾರು ಹೇಳುತ್ತಿದ್ದಾರೆ?’ ಎಂದು ಕೇಳಬೇಕೆಂಬುದು ಸಾಹಿತ್ಯವಿಮರ್ಶೆಯ ಪ್ರಥಮ ಪಾಠ. ಚರಿತ್ರೆಯ ವಿದ್ಯಾರ್ಥಿಗೂ ಈ ಪಾಠ ಅವಶ್ಯವೆಂಬುದನ್ನು ಒಂದು ನಿದರ್ಶನದಿಂದ ತೋರಿಸುವುದು ಈ ಕಿರುಲೇಖನದ ಉದ್ದೇಶ.

ನಿಜಾಮನ ಸೇವೆಯಲ್ಲಿದ್ದ ಫಿಲಿಪ್ ಮೆಡೋಸ್ ಟೇಲರನ ‘ಠಗ್ಗನೊಬ್ಬನ ತಪ್ಪೊಪ್ಪಿಗೆ’ ಎಂಬ ಇಂಗ್ಲಿಷ್ ಕಾದಂಬರಿ 1839ರಲ್ಲಿ ಪ್ರಕಟವಾಯಿತು. ಸೆರೆಯಲ್ಲಿರುವ ಅಮೀರ್ ಅಲಿ ತನ್ನ ಕಥೆಯನ್ನು ಉತ್ತಮ ಪುರುಷದಲ್ಲಿ ಹೇಳುತ್ತಾನೆ. ಅವನ ತಂದೆತಾಯಿಗಳನ್ನು ಕೊಂದ ಇಸ್ಮಾಯಿಲನೇ ಅವನನ್ನು ಮಗನಂತೆ ಸಾಕುತ್ತಾನೆ. ಮುಂದೆ ಅಮೀರ್ ಅಲಿ ಅರಿಯದೆ ತನ್ನ ಒಡಹುಟ್ಟಿದವಳನ್ನೇ ಕೊಲ್ಲುತ್ತಾನೆ. ಇಲ್ಲಿ ‘ನಾನು’ ಎಂಬವರು ಇಬ್ಬರು: ಏನನ್ನೂ ಅರಿಯದೆ ಅನುಭವಿಸಿದ ಹಿಂದಿನವನೊಬ್ಬ, ಎಲ್ಲವನ್ನೂ ಅರಿತು ಹೇಳುವ ಇಂದಿನವನೊಬ್ಬ. ಇವರ ನಡುವಣ ಅಂತರದಿಂದಲೇ ನಾಟಕೀಯ ವ್ಯಂಗ್ಯವು ಹುಟ್ಟುತ್ತದೆ.

ಇಷ್ಟಕ್ಕೇ ನಿಲ್ಲುವಂತಿಲ್ಲ. ಅಮೀರ್ ಅಲಿಯ ಮಾತನ್ನು ಕೇಳಿ ಬರೆದುಕೊಳ್ಳುವ ‘ಸಾಹೇಬ’ನೊಬ್ಬನಿದ್ದಾನೆ, ಆಗಾಗ ನಡುವೆ ಬಂದು ತೀರ್ಪನ್ನೂ ನೀಡುತ್ತಾನೆ. ಕಥೆಗೆ ಇದು ಚೌಕಟ್ಟು. ಅಮೀರ್ ಅಲಿಯೋ ಮಾಫಿ ಸಾಕ್ಷಿ. ಕೇಳುವವನ ಕೃಪೆಯಲ್ಲಿ ಅವನ ಪ್ರಾಣವಿದೆ. ಅಂಥವನ ಮಾತು ಸ್ವತಂತ್ರವಾದೀತೆ?

ಈ ಪ್ರಶ್ನೆ ಕಾದಂಬರಿಯ ಎಲ್ಲೆಯನ್ನು ಮೀರುತ್ತದೆ. 1836ರ ಕಾಯಿದೆಯ ಪ್ರಕಾರ ಠಗ್ಗರ ಗುಂಪಿಗೆ ಸೇರಿದ್ದನೆಂದು ಸಿದ್ಧವಾದರೆ ಸಾಕು, ಆಜೀವ ಕಾರಾಗೃಹವಾಸ. ಅದೇ ವರ್ಷ ಸ್ಲೀಮನ್ ಪ್ರಕಟಿಸಿದ ‘ರಾಮಸೀಯಾನ’ದಲ್ಲಿಯೂ ಇಂಥ ಸಾಕ್ಷಿಗಳೊಡನೆ ನಡೆದ ಸಂಭಾಷಣೆಗಳಿವೆ. ಪ್ರಶ್ನಿಸುವವನು ಅಧಿಕಾರಿ, ಉತ್ತರಿಸುವವನು ಬಂದಿ, ನಮಗೆ ದೊರೆಯುವುದು ಇಂಗ್ಲಿಷ್ ರೂಪ. ಆದುದರಿಂದ ಅದೆಲ್ಲವೂ ಸುಳ್ಳೆಂದು ತಳ್ಳಿಹಾಕುವುದೂ ಸರಿಯಲ್ಲ. ಸಾಕ್ಷಿಗಳು ತೋರಿಸಿದೆಡೆ ಅಗೆದಾಗ ಶವಗಳು ದೊರೆತುದುಂಟು. ಕೊಲೆ ನಡೆದುದಕ್ಕೆ ಅದು ಪ್ರಮಾಣ. ಕೊಲೆಗಾರರೆಲ್ಲರೂ ಭವಾನಿಯ ಆಣತಿಗೆ ಒಳಪಟ್ಟ ಒಂದೇ ವಂಶಪಾರಂಪರ್ಯದ ಪಂಥದವರೆಂಬುದಕ್ಕೆ ಅದೇ ಪ್ರಮಾಣವಾಗದು. ಘಟನೆ ಬೇರೆ, ಘಟನೆಗೆ ನಿರೂಪಕನು ಕೊಡುವ ಅರ್ಥ ಬೇರೆ.

ಟೇಲರನು ಕನ್ನಡನಾಡಿಗೆ ಅಪರಿಚಿತನಲ್ಲ. ಇಂದಿನ ಯಾದಗಿರಿ ಜಿಲ್ಲೆಯ ಸುರಪುರದಲ್ಲಿ ಬಾಲರಾಜ ವೆಂಕಟಪ್ಪ ನಾಯಕನ ಪರವಾಗಿ 1853ರವರೆಗೆ ಆಡಳಿತ ನಡೆಸಿದವನು ಅವನೇ. ಬ್ರಿಟಿಷರ ವಿರುದ್ಧ ಎದ್ದ ಆ ರಾಜನು 1858ರಲ್ಲಿ ಸೆರೆಯಾಗಿ ಗುಂಡೇಟಿನಿಂದ ಮೃತನಾದನು. 1877ರಲ್ಲಿ, ಮರಣಾನಂತರ ಪ್ರಕಟವಾದ ಟೇಲರನ ಆತ್ಮಕಥೆಯಲ್ಲಿ ಈ ವೃತ್ತಾಂತವಿದೆ. ಅಲ್ಲಿ ‘ನಾನು’ ಎಂಬವನು ಟೇಲರ್. ರಾಜನ ದನಿ ಟೇಲರನ ದನಿಯೊಳಗೆ ಮಾತ್ರ ಕೇಳಿಬರುತ್ತದೆ. ಅದರಲ್ಲಿ ವಾತ್ಸಲ್ಯವಿದೆಯೆಂಬುದು ನಿಜ. ಆದರೆ ವಾತ್ಸಲ್ಯವೂ ಒಂದು ದೃಷ್ಟಿಕೋನವೇ.

ಹೇಳುವವನು ಯಾರು, ಕೇಳುವವನು ಯಾರು, ಬರೆದವನು ಯಾರು: ಈ ಮೂರು ಪ್ರಶ್ನೆಗಳನ್ನು ಕಾದಂಬರಿಯಲ್ಲಿ ಕೇಳಲು ಕಲಿತವನು ದಫ್ತರದ ಕಾಗದದ ಮುಂದೆಯೂ ಮೋಸಹೋಗಲಾರನು.