ಹಸಿ ಕಸದಿಂದ ಗೊಬ್ಬರ: ಬೆಂಗಳೂರಿನ ಬಡಾವಣೆಗಳ ಕಲಿಕೆ

ಅಡುಗೆಮನೆಯ ಹಸಿ ಕಸವನ್ನು ಅದು ಹುಟ್ಟಿದ ಬಡಾವಣೆಯಲ್ಲಿಯೇ ಗೊಬ್ಬರವಾಗಿ ಮಾರ್ಪಡಿಸುವ ವಿಧಾನವನ್ನು ನಾಗರಿಕರಿಗೆ ತಿಳಿಸಿಕೊಡುವುದೇ ಸಮುದಾಯ ಗೊಬ್ಬರ ಶಿಕ್ಷಣ. ಹಳ್ಳಿಗಳಲ್ಲಿ ತಿಪ್ಪೆಗುಂಡಿಯು ಈ ಕಾರ್ಯವನ್ನು ತಲೆಮಾರುಗಳಿಂದ ನಿರ್ವಹಿಸುತ್ತ ಬಂದಿದೆ. ಹಿತ್ತಿಲೇ ಇಲ್ಲದ ಮಹಾನಗರದಲ್ಲಿ ಅದು ಹೊಸದಾಗಿ ಕಲಿಯಬೇಕಾದ ವಿದ್ಯೆಯಾಗಿದೆ.

ಹಿನ್ನೆಲೆ

ಬೆಂಗಳೂರು ಬಹುಕಾಲ ತನ್ನ ಕಸವನ್ನು ಹೊರವಲಯದ ಗ್ರಾಮಗಳಿಗೆ ಸಾಗಿಸುತ್ತಿತ್ತು. 2012ರಲ್ಲಿ ಮಾವಳ್ಳಿಪುರದ ಕಸ ವಿಲೇವಾರಿ ಘಟಕ ಮುಚ್ಚಿದಾಗ ನಗರದ ಬೀದಿಗಳಲ್ಲಿ ಕಸದ ರಾಶಿಗಳು ಬೆಳೆದವು. ಹೊರೆ ಮಂಡೂರಿನ ಮೇಲೆ ಬಿದ್ದಿತು. ದುರ್ವಾಸನೆ ಮತ್ತು ನೀರಿನ ಮಾಲಿನ್ಯದಿಂದ ಬೇಸತ್ತ ಅಲ್ಲಿನ ಗ್ರಾಮಸ್ಥರು 2014ರಲ್ಲಿ ಹೋರಾಟವನ್ನು ತೀವ್ರಗೊಳಿಸಿದರು. ಆ ವರ್ಷಾಂತ್ಯಕ್ಕೆ ಮಂಡೂರಿಗೆ ಕಸ ಸಾಗಣೆ ನಿಂತಿತು.

2015ರ ಡಿಸೆಂಬರ್‌ನಲ್ಲಿ ಕರ್ನಾಟಕ ಹೈಕೋರ್ಟ್ ‘ಎರಡು ಬುಟ್ಟಿ, ಒಂದು ಚೀಲ’ ಪದ್ಧತಿಯನ್ನು ಪಾಲಿಸುವಂತೆ ಆದೇಶಿಸಿತು. ಹಸಿ ಕಸಕ್ಕೆ ಹಸಿರು ಬುಟ್ಟಿ, ಡಯಾಪರ್‌ನಂತಹ ನೈರ್ಮಲ್ಯ ತ್ಯಾಜ್ಯಕ್ಕೆ ಕೆಂಪು ಬುಟ್ಟಿ, ಒಣ ಕಸಕ್ಕೆ ಚೀಲ ಎಂಬುದು ಅದರ ಕ್ರಮ. ದಿನಕ್ಕೆ ಸರಾಸರಿ 100 ಕಿಲೋಗ್ರಾಂಗಿಂತ ಹೆಚ್ಚು ಕಸ ಉತ್ಪಾದಿಸುವವರನ್ನು 2016ರ ಕೇಂದ್ರ ನಿಯಮಗಳು ದೊಡ್ಡ ಪ್ರಮಾಣದ ಉತ್ಪಾದಕರೆಂದು ಗುರುತಿಸಿದವು. ಹೀಗೆ ಗೊಬ್ಬರ ತಯಾರಿಕೆ ಹವ್ಯಾಸದ ಮಟ್ಟವನ್ನು ದಾಟಿ ಹೊಣೆಗಾರಿಕೆಯಾಯಿತು.

ಕಲಿಕೆಯ ತಾಣಗಳು

ಎಚ್‌ಎಸ್‌ಆರ್ ಬಡಾವಣೆಯ ‘ಸ್ವಚ್ಛಾಗ್ರಹ ಕಲಿಕಾ ಕೇಂದ್ರ’ ಈ ಕ್ಷೇತ್ರದಲ್ಲಿ ಹೆಸರಾಗಿದೆ. ಮನೆಗೆ ಒಪ್ಪುವ ಮಡಕೆಗಳಿಂದ ವಸತಿ ಸಮುಚ್ಚಯಕ್ಕೆ ಬೇಕಾಗುವ ದೊಡ್ಡ ತೊಟ್ಟಿಗಳವರೆಗೆ ಹಲವು ವಿಧಾನಗಳನ್ನು ಅಲ್ಲಿ ಪ್ರತ್ಯಕ್ಷವಾಗಿ ನೋಡಬಹುದು. 2006ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ‘ಡೈಲಿ ಡಂಪ್’ ಸಂಸ್ಥೆಯು ಒಂದರ ಮೇಲೊಂದು ಜೋಡಿಸುವ ಮಣ್ಣಿನ ಮಡಕೆಗಳನ್ನು ಮನೆಗಳಿಗೆ ಪರಿಚಯಿಸಿತು.

ಕಲಿಯಬೇಕಾದುದೇನು?

ಹಸಿ ಕಸದಲ್ಲಿ ಸಾರಜನಕವೂ ನೀರೂ ಹೆಚ್ಚು. ಒಣ ಎಲೆ, ತೆಂಗಿನ ನಾರಿನ ಪುಡಿಗಳಲ್ಲಿ ಇಂಗಾಲ ಹೆಚ್ಚು. ಇಂಗಾಲ ಸುಮಾರು 25ರಿಂದ 30 ಪಾಲು, ಸಾರಜನಕ 1 ಪಾಲು ಇರುವಂತೆ ಬೆರೆಸಿದಾಗ ಸೂಕ್ಷ್ಮಜೀವಿಗಳು ಚುರುಕಾಗಿ ಕೆಲಸ ಮಾಡುತ್ತವೆ. ತೇವಾಂಶ ಶೇ. 50ರಿಂದ 60ರಷ್ಟಿರಬೇಕು. ಹಿಡಿಯಲ್ಲಿ ಹಿಂಡಿದರೆ ಒಂದೆರಡು ಹನಿ ಮಾತ್ರ ಒಸರಿದರೆ ಹದ ಸರಿಯೆಂದು ತಿಳಿಯಬೇಕು. ಗಾಳಿಯಾಡಲು ಆಗಾಗ ಕೆದಕಬೇಕು. ಗಾಳಿ ಸಿಗದಿದ್ದರೆ ಕಸ ಕೊಳೆತು ನಾರುತ್ತದೆ, ಮೀಥೇನ್ ಅನಿಲವೂ ಹೊಮ್ಮುತ್ತದೆ. ಹುಳಿ ಮಜ್ಜಿಗೆ ಅಥವಾ ಸಗಣಿ ನೀರು ಸೂಕ್ಷ್ಮಜೀವಿಗಳಿಗೆ ಹೆಪ್ಪಿನಂತೆ ಒದಗುತ್ತದೆ. ಗೊಬ್ಬರ ಕಪ್ಪಾಗಿ, ಮಳೆ ಬಿದ್ದ ಮಣ್ಣಿನ ವಾಸನೆ ಬಂದಾಗ ಮಾಗಿದೆ ಎಂದರ್ಥ.

ಸೋಲುವುದೆಲ್ಲಿ?

ಗೊಬ್ಬರದ ತೊಟ್ಟಿಯೊಂದನ್ನು ಕೊಂಡು ತಂದ ಮಾತ್ರಕ್ಕೆ ಕೆಲಸ ಮುಗಿಯದು. ಒಣ ಎಲೆ ಸೇರಿಸುವುದು ತಪ್ಪಿದರೆ ವಾಸನೆ ಹಬ್ಬುತ್ತದೆ, ನೆರೆಹೊರೆಯವರು ಆಕ್ಷೇಪಿಸುತ್ತಾರೆ, ಕೊನೆಗೆ ತೊಟ್ಟಿ ಮೂಲೆ ಸೇರುತ್ತದೆ. ಆದುದರಿಂದ ನಿವಾಸಿಗಳಷ್ಟೇ ಅಲ್ಲ, ದಿನನಿತ್ಯ ಕಸವನ್ನು ಕೈಯಾರೆ ಬೆರೆಸುವ ಪೌರಕಾರ್ಮಿಕರು ಮತ್ತು ಸ್ವಚ್ಛತಾ ಸಿಬ್ಬಂದಿಗೂ ತರಬೇತಿ, ಕೈಗವಸು ಹಾಗೂ ನ್ಯಾಯವಾದ ಸಂಭಾವನೆ ದೊರೆಯಬೇಕು. ರಸ್ತೆಬದಿಯ ತರಗೆಲೆಗಳನ್ನು ಸುಡದೆ ಕೂಡಿಡುವುದೂ ಈ ಶಿಕ್ಷಣದ ಭಾಗವೇ.

ಬಡಾವಣೆಯಲ್ಲಿ ಗೊಬ್ಬರವಾಗದ ಹಸಿ ಕಸ ಲಾರಿಯೇರಿ ಮತ್ತೊಬ್ಬರ ಊರಿಗೆ ಹೋಗುತ್ತದೆ. ಮಾವಳ್ಳಿಪುರ, ಮಂಡೂರುಗಳ ಅನುಭವ ನಗರಕ್ಕೆ ಕಲಿಸಿದ ಮೊದಲ ಪಾಠ ಇದೇ.