‘ಇಲಿಜ್ವರ’ವೆಂಬ ಹೆಸರಿನ ವಿಚಾರ

ಮಳೆಗಾಲದ ಗದ್ದೆಕೆಲಸದವರಿಗೆ ತಗಲುವ ಲೆಪ್ಟೊಸ್ಪೈರಾ ರೋಗವನ್ನು ಕನ್ನಡನಾಡಿನ ಜನರು ‘ಇಲಿಜ್ವರ’ವೆನ್ನುತ್ತಾರೆ. ಹೆಸರು ರೂಢವಾಗಿದೆ, ಅದನ್ನು ಕೀಳುವುದು ಸಾಧ್ಯವೂ ಅಲ್ಲ, ಅಗತ್ಯವೂ ಅಲ್ಲ. ಆದರೆ ಈ ಹೆಸರಿನ ಬಲದಿಂದಲೇ, ಸುಶ್ರುತಸಂಹಿತೆಯ ಕಲ್ಪಸ್ಥಾನದ ಮೂಷಿಕಕಲ್ಪದಲ್ಲಿ ಈ ರೋಗವು ಉಕ್ತವಾಗಿದೆಯೆಂದು ಹೇಳಿಬಿಡುವ ಆಸೆಯು ಸಂಸ್ಕೃತವನ್ನೋದಿದವರಲ್ಲಿ ಸುಲಭವಾಗಿ ಹುಟ್ಟುವುದು. ಅಲ್ಲಿ ಹದಿನೆಂಟು ಬಗೆಯ ಇಲಿಗಳು ಪರಿಗಣಿತವಾಗಿವೆ. ಅವುಗಳ ಶುಕ್ರವು ಬಿದ್ದ ಅಥವಾ ಶುಕ್ರ ಸೋಂಕಿದ ವಸ್ತುವು ತಾಗಿದ ಅಂಗದಲ್ಲಿ ರಕ್ತವು ದೂಷಿತವಾಗಿ ಗಂಟು, ಬಾವು, ಜ್ವರಗಳುಂಟಾಗುವುವೆಂದು ಹೇಳಿದೆ. ಪ್ರಾಣಿಯು ಕಚ್ಚದೆಯೂ ಅದರ ಸ್ರಾವದಿಂದ ರೋಗ ಬರಬಹುದೆಂಬ ಈ ನಿರೀಕ್ಷಣೆಯು ಸಾಮಾನ್ಯವಾದುದಲ್ಲ. ಆದರೂ ಆ ವರ್ಣನೆಯ ಪ್ರಾಣವು ಚರ್ಮದ ಗಂಟುಬಾವುಗಳಲ್ಲಿದೆಯೇ ಹೊರತು ಕಾಮಾಲೆಯಲ್ಲಿಯೂ ಮೂತ್ರಪಿಂಡಗಳ ಕೇಡಿನಲ್ಲಿಯೂ ಇಲ್ಲ. ಜಪಾನೀಯರು ‘ಸೊಡೊಕು’ ಎನ್ನುವ, ಇಲಿ ಕಚ್ಚಿ ಬರುವ ಬೇರೊಂದು ಜ್ವರಕ್ಕೆ ಅದು ಹೆಚ್ಚು ಹೊಂದುತ್ತದೆ. ಹೆಸರಿನ ಸಾಮ್ಯದಿಂದ ವಸ್ತುವಿನ ಐಕ್ಯವನ್ನು ಸಾಧಿಸಹೊರಡುವುದು ಶಾಸ್ತ್ರಮರ್ಯಾದೆಯಲ್ಲ.

1886ರಲ್ಲಿ ಜರ್ಮನಿಯ ಅಡಾಲ್ಫ್ ವೈಲ್ ಎಂಬ ವೈದ್ಯನು ಜ್ವರ, ಕಾಮಾಲೆ, ಪ್ಲೀಹವೃದ್ಧಿ, ಮೂತ್ರಪಿಂಡದ ಉರಿಯೂತ ಇವು ಕೂಡಿದ ರೋಗವೊಂದನ್ನು ವರ್ಣಿಸಿದಾಗ ಇಲಿಯ ಮಾತೇ ಇರಲಿಲ್ಲ. 1907ರಲ್ಲಿ ಅಮೆರಿಕದ ಸ್ಟಿಮ್ಸನ್ ಎಂಬವನು, ಪೀತಜ್ವರದಿಂದ ಸತ್ತನೆಂದು ತಿಳಿದಿದ್ದ ರೋಗಿಯೊಬ್ಬನ ಮೂತ್ರಪಿಂಡದಲ್ಲಿ ತುದಿ ಕೊಂಕಿದ ಸೂಕ್ಷ್ಮಜೀವಿಗಳನ್ನು ಕಂಡು, ಪ್ರಶ್ನಚಿಹ್ನೆಯ ಆಕಾರದಿಂದ ಅವಕ್ಕೆ ‘ಇಂಟೆರೊಗಾನ್ಸ್’ ಎಂದು ಹೆಸರಿಟ್ಟನು. ಆ ಪ್ರಶ್ನೆಗೆ ಉತ್ತರವು 1915ರಲ್ಲಿ ಜಪಾನಿನಿಂದ ಬಂದಿತು: ಇನಾಡ, ಇಡೊ ಎಂಬ ವಿದ್ವಾಂಸರು ವೈಲ್ ರೋಗದ ಕಾರಣಜೀವಿಯನ್ನು ಪ್ರತ್ಯೇಕಿಸಿದರು. 1917ರಲ್ಲಿ ಇಡೊ ಮತ್ತು ಆತನ ಸಂಗಡಿಗರು ಇಲಿಯೇ ಅದರ ವಾಹಕವೆಂದು ತೋರಿಸಿದರು. ಇಲಿಗೆ ಹೆಚ್ಚಿನ ಬಾಧೆಯಿಲ್ಲ. ಜೀವಿಯು ಅದರ ಮೂತ್ರಪಿಂಡದಲ್ಲಿ ನೆಲೆಸಿ, ಮೂತ್ರದೊಡನೆ ನೀರಿಗೂ ಹಸಿಮಣ್ಣಿಗೂ ಇಳಿದು, ಚರ್ಮದ ಗಾಯಗಳ ಮೂಲಕ ಅನ್ಯರನ್ನು ಹೊಗುವುದು. ಗ್ರೀಕಿನ ‘ತೆಳು’ ‘ಸುರುಳಿ’ ಎಂಬರ್ಥದ ಪದಗಳನ್ನು ಕೂಡಿಸಿ ‘ಲೆಪ್ಟೊಸ್ಪೈರಾ’ ಎಂಬ ಹೆಸರನ್ನು ನೊಗುಚಿಯು ರೂಢಿಗೆ ತಂದನು.

ಇಲಿಯ ಅಪರಾಧವು ಹೀಗೆ ಸಿದ್ಧವಾದರೂ ಅದು ಒಂಟಿ ಅಪರಾಧಿಯಲ್ಲವೆಂಬುದು ಬೇಗನೆ ತಿಳಿಯಿತು. 1898ರಲ್ಲಿ ಸ್ಟುಟ್‌ಗಾರ್ಟ್ ನಗರದ ಶ್ವಾನಪ್ರದರ್ಶನದ ಅನಂತರ ನಾಯಿಗಳಲ್ಲಿ ಹರಡಿದ ಬೇನೆಯೂ ಈ ಕುಲದ್ದೇ. 1933ರಲ್ಲಿ ಹಾಲೆಂಡಿನಲ್ಲಿ ಕ್ಲಾರೆನ್‌ಬೇಕ್, ಶೂಫ್ನರ್ ಎಂಬವರು ನಾಯಿಯಿಂದ ಬೇರೊಂದು ಪ್ರಭೇದವನ್ನು ತೆಗೆದರು. ಅದಕ್ಕೆ ‘ಕನಿಕೋಲ’, ಎಂದರೆ ಶ್ವಾನವಾಸಿ, ಎಂದು ಹೆಸರಾಯಿತು. ದನ, ಹಂದಿಗಳಲ್ಲಿ ಸಾಮಾನ್ಯವಾದುದು ‘ಪೊಮೋನ’. ಅದು ಆಸ್ಟ್ರೇಲಿಯದ ಕ್ವೀನ್ಸ್‌ಲ್ಯಾಂಡಿನ ಒಂದು ಊರಿನ ಹೆಸರು; ಊರಿನ ಹೆಸರೋ ರೋಮಕರ ಫಲದೇವತೆಯದು. ದೇವತೆಯ ನಾಮಧೇಯವು ಹಂದಿಯ ಮೂತ್ರಪಿಂಡಕ್ಕಿಳಿದ ಈ ಬಗೆಯು ನಾಮಶಾಸ್ತ್ರಜ್ಞರ ವಿನೋದಕ್ಕೆ ಸಾಕು.

ಇದೇ ಪೊಮೋನ ಪ್ರಭೇದವು 1970ರಲ್ಲಿ ಅಮೆರಿಕದ ಶಾಂತಸಾಗರತೀರದ ಕಡಲಸಿಂಹಗಳಲ್ಲಿ ಮಾರಿಯಂತೆ ಕಾಣಿಸಿಕೊಂಡಿತು. ಹಗೇವೂ ಗದ್ದೆಯೂ ಇಲ್ಲದ ಕಡಲಿನ ಪ್ರಾಣಿಗೆ ‘ಇಲಿಜ್ವರ’! ರೋಗಿಯಾದ ಕಡಲಸಿಂಹವು ಈಜುರೆಕ್ಕೆಗಳನ್ನು ಹೊಟ್ಟೆಗೆ ಬಿಗಿದು ಮುದುಡಿ ಮಲಗುತ್ತದೆ. ಮೀನಿನಿಂದಲೇ ಬೇಕಾದ ಜಲಾಂಶವನ್ನು ಪಡೆಯುವ ಈ ಮೃಗವು, ಮೂತ್ರಪಿಂಡ ಕೆಟ್ಟಾಗ, ನೀರನ್ನು ಅರಸಿ ಕುಡಿಯುತ್ತದೆ. 1975ರಲ್ಲಿ ಸ್ಥಾಪಿತವಾದ ಕ್ಯಾಲಿಫೋರ್ನಿಯದ ಕಡಲ ಸಸ್ತನಿಗಳ ಶುಶ್ರೂಷಾಲಯದವರು ಇಂತಹವನ್ನು ದಡದಿಂದ ಎತ್ತಿ ತಂದು ಉಪಚರಿಸುತ್ತ, ಕೆಲಕೆಲವು ವರ್ಷಗಳಿಗೊಮ್ಮೆ ಪಿಡುಗು ಏರಿ ಇಳಿಯುವುದನ್ನು ಗುರುತಿಸಿದರು. 2013ರ ಅನಂತರ ಕೆಲವು ವರ್ಷ ಅಡಗಿದ್ದ ರೋಗವು 2017ರಲ್ಲಿ ಮರಳಿತು. ಗುಣವಾದಂತೆ ತೋರುವ ಪ್ರಾಣಿಗಳೂ ಜೀವಿಯನ್ನು ಮೂತ್ರದಲ್ಲಿ ಬಿಡುತ್ತಿರುವುದರಿಂದ, ಇಲ್ಲಿ ವಾಹಕವು ಇಲಿಯಲ್ಲ, ಕಡಲಸಿಂಹವೇ.

ಮೃಗಾಲಯಗಳಲ್ಲಿ ಮಾತ್ರ ಹಳೆಯ ಹೆಸರು ಸಾರ್ಥಕವಾಗುತ್ತದೆ. ಕೂಡಿಹಾಕಿದ ಮೃಗದ ಮೇವಿಗೆ ಇಲಿಗಳು ಬರುತ್ತವೆ. ಅವುಗಳ ಮೂತ್ರವು ತೊಟ್ಟಿಯ ನೀರಿಗೆ ಸೇರುತ್ತದೆ. ಕಾಡಿನಲ್ಲಿ ಬೇರೆಡೆಗೆ ಹೋಗಬಲ್ಲ ಮೃಗಕ್ಕೆ ಬೋನಿನಲ್ಲಿ ಆ ತೊಟ್ಟಿಯೊಂದೇ ಗತಿ. ಸೆರೆಯಲ್ಲಿನ ಕರಿ ಖಡ್ಗಮೃಗಗಳಲ್ಲಿ ರಕ್ತಕಣಗಳು ಒಡೆದು ಸಾವು ಸಂಭವಿಸಿದ ಪ್ರಸಂಗಗಳಲ್ಲಿ ಕೆಲವಕ್ಕೆ ಈ ಜೀವಿಯೇ ಕಾರಣವೆಂದು ಕಂಡುಬಂದು, ಅವಕ್ಕೆ ಲಸಿಕೆ ಹಾಕುವ ಪದ್ಧತಿಯು ಬಂದಿತು.