ಒಂದು ಮದುವೆ, ಎರಡು ಶಾಸ್ತ್ರ: ಧರ್ಮವಿಲ್ಲ ಎಂದು ಬರೆದುಕೊಡಬೇಕಿದ್ದ ಕಾಲ

ಒಂದೇ ಚಪ್ಪರದಡಿ ಹುಡುಗಿಯ ಕಡೆಯ ಧಾರೆ, ಹುಡುಗನ ಕಡೆಯ ದುವಾ ಎರಡೂ ನಡೆದ ಮದುವೆಯ ಫೋಟೊಗಳನ್ನು ನಾವೆಲ್ಲ ಮೊಬೈಲ್‌ನಲ್ಲಿ ನೋಡಿರುತ್ತೇವೆ. ಎರಡೂ ಮನೆಯವರು ಒಪ್ಪಿದರೆ ಮುಗಿಯಿತು ಅನಿಸುತ್ತದೆ. ಆದರೆ ನಮ್ಮ ಮುತ್ತಜ್ಜನ ಕಾಲದಲ್ಲಿ ಮನೆಯವರು ಒಪ್ಪಿದರೂ ಕಾನೂನು ಒಪ್ಪುತ್ತಿರಲಿಲ್ಲ.

ಈ ಕಥೆ ಶುರುವಾಗುವುದು ಬಂಗಾಳದಲ್ಲಿ. ಬ್ರಹ್ಮ ಸಮಾಜದವರು ವಿಗ್ರಹಪೂಜೆ ಬಿಟ್ಟು, ಮದುವೆಯ ಹಳೆಯ ವಿಧಿಗಳನ್ನೂ ಬದಲಿಸಿದ್ದರು. ಅಂಥ ಮದುವೆ ಕೋರ್ಟಿನಲ್ಲಿ ನಿಲ್ಲುತ್ತದೆಯೇ ಎಂಬ ಅನುಮಾನ ಎದ್ದಿತು. ನಿಲ್ಲದಿದ್ದರೆ ಹೆಂಡತಿಯ ಹಕ್ಕಿಗೂ ಮಕ್ಕಳ ಆಸ್ತಿಗೂ ಕುತ್ತು. ಕೇಶವಚಂದ್ರ ಸೇನ್ ಸರ್ಕಾರದ ಬಳಿ ಹೊಸ ಕಾನೂನು ಕೇಳಿದರು. ಅದೇ ಸಮಾಜದ ಇನ್ನೊಂದು ಬಣ, ತಾವು ಹಿಂದೂಗಳೇ ಎಂದು ಅದನ್ನು ವಿರೋಧಿಸಿತು.

ಕೊನೆಗೆ 1872ರಲ್ಲಿ ವಿಶೇಷ ವಿವಾಹ ಕಾಯ್ದೆ ಬಂತು. ಬ್ರಿಟಿಷರ ಆಳ್ವಿಕೆಯಲ್ಲಿದ್ದ ನಮ್ಮ ಧಾರವಾಡ, ಬೆಳಗಾವಿ, ಮಂಗಳೂರು ಸೀಮೆಗೂ ಅದೇ ಕಾನೂನು. ಷರತ್ತು ಮಾತ್ರ ಕಠಿಣ. ತಾವು ಹಿಂದೂ, ಮುಸ್ಲಿಂ, ಕ್ರೈಸ್ತ, ಯಹೂದಿ, ಪಾರ್ಸಿ, ಬೌದ್ಧ, ಸಿಖ್, ಜೈನ ಯಾವ ಧರ್ಮಕ್ಕೂ ಸೇರಿಲ್ಲ ಎಂದು ಹುಡುಗ ಹುಡುಗಿ ಇಬ್ಬರೂ ಬರೆದುಕೊಡಬೇಕಿತ್ತು. ದಿನಾ ದೀಪ ಹಚ್ಚುವ ಹುಡುಗಿ, ನಮಾಜ್ ಮಾಡುವ ಹುಡುಗ ಈ ಕಾನೂನಿನಡಿ ಮದುವೆಯಾಗಲು ಸುಳ್ಳು ಹೇಳಬೇಕಿತ್ತು.

1923ರಲ್ಲಿ ಹರಿಸಿಂಗ್ ಗೌರ್ ಅವರ ಪ್ರಯತ್ನದಿಂದ ತಿದ್ದುಪಡಿ ಆಯಿತು. ಹಿಂದೂ, ಬೌದ್ಧ, ಸಿಖ್, ಜೈನರು ತಮ್ಮತಮ್ಮಲ್ಲಿ ಧರ್ಮ ಬಿಡದೆಯೇ ಮದುವೆಯಾಗಬಹುದಾಯಿತು. ಹಿಂದೂ-ಮುಸ್ಲಿಂ ಜೋಡಿಗೆ ಹಳೆಯ ಷರತ್ತೇ ಉಳಿಯಿತು.

ಆ ಷರತ್ತು ಪೂರ್ತಿ ಹೋದದ್ದು ಸ್ವಾತಂತ್ರ್ಯ ಬಂದ ಮೇಲೆ. 1954ರ ಹೊಸ ವಿಶೇಷ ವಿವಾಹ ಕಾಯ್ದೆ 1955ರ ಜನವರಿ 1ರಿಂದ ಜಾರಿಗೆ ಬಂತು. ಇದರಡಿ ಯಾರೂ ಧರ್ಮ ಬಿಡಬೇಕಿಲ್ಲ. ಮದುವೆಯನ್ನು ಯಾವ ಪದ್ಧತಿಯಲ್ಲಾದರೂ ಮಾಡಿಕೊಳ್ಳಬಹುದು. ಆದರೆ ವಿವಾಹ ಅಧಿಕಾರಿ ಮತ್ತು 3 ಸಾಕ್ಷಿಗಳ ಎದುರು, ನಿನ್ನನ್ನು ಕಾನೂನುಬದ್ಧ ಸಂಗಾತಿಯಾಗಿ ಸ್ವೀಕರಿಸಿದ್ದೇನೆ ಎಂದು ಇಬ್ಬರೂ ಹೇಳಲೇಬೇಕು. ಅದನ್ನು ಕನ್ನಡದಲ್ಲೇ ಹೇಳಬಹುದು. ಹೆಚ್ಚುವರಿ ಶುಲ್ಕ ಕಟ್ಟಿದರೆ, ಕಚೇರಿಗೆ ಹತ್ತಿರದ ಬೇರೆ ಜಾಗದಲ್ಲೂ ಮದುವೆ ನಡೆಸಲು ಅವಕಾಶವಿದೆ.

ಹಾಗಂತ ದಾರಿ ಪೂರ್ತಿ ಸಲೀಸಲ್ಲ. ಮದುವೆಗೆ 30 ದಿನ ಮೊದಲೇ ನೋಟಿಸ್ ಕೊಡಬೇಕು. ಕಚೇರಿಯಲ್ಲಿ ಅದನ್ನು ಎಲ್ಲರಿಗೂ ಕಾಣುವಂತೆ ಅಂಟಿಸುತ್ತಾರೆ. ಯಾರು ಬೇಕಾದರೂ ಆಕ್ಷೇಪಣೆ ಸಲ್ಲಿಸಬಹುದು. ಊರಲ್ಲಿ ಸುದ್ದಿ ಹಬ್ಬಲು ಒಂದು ದಿನ ಸಾಕು, ಆ 30 ದಿನ ಜೋಡಿಗೆ ಬೆದರಿಕೆಯ ದಿನಗಳೂ ಆಗಬಹುದು. ಇಲ್ಲಿ ಒಂದು ವಿಷಯ ಗೊತ್ತಿರಲಿ: ವಯಸ್ಸು, ಈಗಾಗಲೇ ಇರುವ ಮದುವೆ, ಮಾನಸಿಕ ಸ್ಥಿತಿ, ನಿಷಿದ್ಧ ರಕ್ತಸಂಬಂಧ ಇಂಥ ಕಾರಣಕ್ಕಷ್ಟೇ ಆಕ್ಷೇಪಣೆ ನಿಲ್ಲುತ್ತದೆ. ಜಾತಿ ಬೇರೆ, ಧರ್ಮ ಬೇರೆ ಎಂಬ ತಕರಾರಿಗೆ ಅಲ್ಲಿ ಬೆಲೆಯಿಲ್ಲ.

ಹಾಗಾಗಿ ನಮ್ಮೂರಲ್ಲಿ ಇಂಥ ಮದುವೆಯ ಮಾತು ಬಂದಾಗ, ಯಾರು ಯಾರ ಧರ್ಮಕ್ಕೆ ಹೋಗುತ್ತಾರೆ ಎಂದು ಕೇಳುವ ಅಗತ್ಯವೇ ಇಲ್ಲ. ಯಾರೂ ಎಲ್ಲಿಗೂ ಹೋಗದೆ ಮದುವೆಯಾಗಲು 1955ರಿಂದಲೇ ಅವಕಾಶವಿದೆ.